ಕೈಗಾರಿಕಾ ಧೂಳಿನ ತೀವ್ರ ಶ್ವಾಸವಿಷತ್ವ: ಪರೀಕ್ಷೆಯ ಕ್ರಮ ಮತ್ತು ಅದರ ಅರ್ಥ

ವಿಷವಸ್ತುವೊಂದು ದೇಹವನ್ನು ಸೇರುವ ಮುಖ್ಯ ಮಾರ್ಗಗಳು ಮೂರು: ಬಾಯಿ, ಚರ್ಮ ಮತ್ತು ಶ್ವಾಸ. ಮೊದಲೆರಡು ಮಾರ್ಗಗಳಲ್ಲಿ ಪ್ರಯೋಗಕಾರನು ವಸ್ತುವನ್ನು ತಕ್ಕಡಿಯಲ್ಲಿ ತೂಗಿ ಪ್ರಾಣಿಗೆ ಕೊಡಬಲ್ಲನು. ಕೊಟ್ಟದ್ದೆಷ್ಟು ಎಂಬುದು ಅವನಿಗೆ ತಿಳಿದೇ ಇರುತ್ತದೆ. ಶ್ವಾಸಮಾರ್ಗದಲ್ಲಿ ಹಾಗಲ್ಲ. ಅಲ್ಲಿ ವಸ್ತುವನ್ನು ಮೊದಲು ಗಾಳಿಯಲ್ಲಿ ಬೆರೆಸಬೇಕು, ಆ ಗಾಳಿಯನ್ನು ಪ್ರಾಣಿಗೆ ಒದಗಿಸಬೇಕು. ಪ್ರಾಣಿಯು ಅದರಲ್ಲಿ ಎಷ್ಟನ್ನು ಒಳಗೆಳೆದುಕೊಂಡಿತು, ಅದರ ಯಾವ ಭಾಗ ಎಲ್ಲಿ ನೆಲೆಸಿತು ಎಂಬುದನ್ನು ಅಳತೆಯಿಂದಲೂ ಲೆಕ್ಕದಿಂದಲೂ ಕಂಡುಕೊಳ್ಳಬೇಕು.

ವಸ್ತುವು ಪುಡಿಯಾಗಿದ್ದರಂತೂ ಈ ಕಷ್ಟ ಇಮ್ಮಡಿಯಾಗುತ್ತದೆ. ವೇನೇಡಿಯಂ ಪೆಂಟಾಕ್ಸೈಡನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಳದಿಯಿಂದ ಕೆಂಗಂದು ಬಣ್ಣದವರೆಗೆ ಕಾಣುವ ಈ ಪುಡಿಯು ಗಂಧಕಾಮ್ಲದ ತಯಾರಿಕೆಯಲ್ಲಿ ಕ್ರಿಯಾವರ್ಧಕವಾಗಿಯೂ, ಉಕ್ಕಿಗೆ ಬೆರೆಸುವ ಮಿಶ್ರಲೋಹದ ಮೂಲವಸ್ತುವಾಗಿಯೂ ಬಳಕೆಯಲ್ಲಿದೆ. ಇದರ ಚೀಲವನ್ನು ಬಿಚ್ಚುವ, ಇದು ತುಂಬಿದ ಪಾತ್ರೆಯನ್ನು ಬರಿದುಮಾಡುವ ಕೆಲಸಗಾರನಿಗೆ ಎಷ್ಟು ಧೂಳು ಅಪಾಯಕರ? ಚೀಲದ ಮೇಲಿನ ಎಚ್ಚರಿಕೆಯ ಗುರುತು ಬಹುಮಟ್ಟಿಗೆ ನಿಂತಿರುವುದು ತೀವ್ರ ಶ್ವಾಸವಿಷತ್ವದ ಒಂದು ಅಂಕಿಯ ಮೇಲೆ. ಆ ಅಂಕಿಯನ್ನು ಹೇಗೆ ಪಡೆಯುತ್ತಾರೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಕಣದ ಗಾತ್ರ

ಧೂಳಿನ ವಿಚಾರದಲ್ಲಿ ಮೊದಲು ಕೇಳಬೇಕಾದದ್ದು ಕಣದ ಗಾತ್ರವನ್ನು. ಸುಮಾರು 10 ಮೈಕ್ರೋಮೀಟರಿಗಿಂತ ದೊಡ್ಡ ಕಣಗಳಲ್ಲಿ ಹೆಚ್ಚಿನವು ಮೂಗು ಮತ್ತು ಗಂಟಲಿನಲ್ಲಿಯೇ ತಡೆಯಲ್ಪಡುತ್ತವೆ. ಅದಕ್ಕಿಂತ ಚಿಕ್ಕವು ಶ್ವಾಸನಾಳಗಳನ್ನು ಹೊಗುತ್ತವೆ. ಇನ್ನೂ ಚಿಕ್ಕವಾದ, ಸುಮಾರು 4 ಮೈಕ್ರೋಮೀಟರಿಗಿಂತ ಕಿರಿದಾದ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೆ ಸಾಗಬಲ್ಲವು. ಇಲ್ಲಿ ಗಾತ್ರವೆಂದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಅಗಲವಲ್ಲ; ವಾಯುಚಲನಾತ್ಮಕ ವ್ಯಾಸ. ಅಂದರೆ, ಗಾಳಿಯಲ್ಲಿ ಆ ಕಣದಷ್ಟೇ ವೇಗದಿಂದ ಇಳಿಯುವ, ನೀರಿನಷ್ಟೇ ಸಾಂದ್ರತೆಯುಳ್ಳ ಗೋಳದ ವ್ಯಾಸ. ಭಾರವಾದ ಲೋಹದ ಆಕ್ಸೈಡಿನ ಕಣವು ನೋಟಕ್ಕೆ ಚಿಕ್ಕದಾಗಿದ್ದರೂ ಗಾಳಿಯಲ್ಲಿ ದೊಡ್ಡ ಕಣದಂತೆ ವರ್ತಿಸುವುದುಂಟು.

ಇಲಿಯು ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ. ಅದರ ಮೂಗಿನ ಒಳರಚನೆ ಬಹು ಸುರುಳಿಯಾಗಿದ್ದು, ಮನುಷ್ಯನ ಮೂಗಿಗಿಂತ ಚೆನ್ನಾಗಿ ಧೂಳನ್ನು ಸೋಸುತ್ತದೆ. ದುಡಿಯುವ ಮನುಷ್ಯನಾದರೋ ದಣಿದಾಗ ಬಾಯಿಯಿಂದಲೂ ಉಸಿರಾಡುತ್ತಾನೆ. ಆದುದರಿಂದ ದಪ್ಪ ಪುಡಿಯನ್ನು ಇದ್ದಂತೆಯೇ ಇಲಿಗೆ ಒಡ್ಡಿ, ಇಲಿ ಸಾಯಲಿಲ್ಲವಾದ್ದರಿಂದ ವಸ್ತು ನಿರಪಾಯವೆಂದು ತೀರ್ಮಾನಿಸುವುದು ಸರಿಯಲ್ಲ. ಇದನ್ನು ತಪ್ಪಿಸಲೆಂದೇ ಕಣಗಳ ಮಧ್ಯಕ ವ್ಯಾಸ 4 ಮೈಕ್ರೋಮೀಟರನ್ನು ಮೀರದಂತೆ ನೋಡಿಕೊಳ್ಳಬೇಕೆಂಬ ಕ್ರಮ ಬಂದಿದೆ. ಮಧ್ಯಕ ವ್ಯಾಸವೆಂದರೆ, ಧೂಳಿನ ಒಟ್ಟು ತೂಕದ ಅರ್ಧಭಾಗ ಅದಕ್ಕಿಂತ ಚಿಕ್ಕ ಕಣಗಳಲ್ಲಿಯೂ ಉಳಿದರ್ಧ ದೊಡ್ಡ ಕಣಗಳಲ್ಲಿಯೂ ಇರುವ ಗಾತ್ರ. ಇದಕ್ಕಾಗಿ ಪುಡಿಯನ್ನು ಅನೇಕವೇಳೆ ಮತ್ತೆ ಅರೆಯಬೇಕಾಗುತ್ತದೆ. ಹೀಗೆ ಪರೀಕ್ಷೆಗೊಳಗಾಗುವ ಧೂಳು ಮಾರುಕಟ್ಟೆಯ ಪುಡಿಗಿಂತ ನುಣುಪಾಗಿರುವುದು ಸಾಮಾನ್ಯ. ವರದಿಯನ್ನು ಓದುವವರು ಇದನ್ನು ಮರೆಯಬಾರದು.

ಧೂಳಿನ ಉತ್ಪಾದನೆ ಮತ್ತು ಅಳತೆ

ನಾಲ್ಕು ಗಂಟೆಗಳ ಕಾಲ ಒಂದೇ ಸಮನಾದ ಧೂಳಿನ ಮೋಡವನ್ನು ಉಂಟುಮಾಡುವುದು ಸುಲಭವಲ್ಲ. ಪುಡಿಯು ತೇವವನ್ನು ಹೀರಿ ಗಂಟುಕಟ್ಟುತ್ತದೆ. ಒಣಗಿದ್ದರೆ ವಿದ್ಯುದಾವೇಶದಿಂದ ಕೊಳವೆಯ ಗೋಡೆಗೆ ಅಂಟುತ್ತದೆ. ಬಿ. ಎಂ. ರೈಟ್ ಅವರು 1950ರಲ್ಲಿ ವರ್ಣಿಸಿದ ಸಾಧನದಲ್ಲಿ ಪುಡಿಯನ್ನು ಒತ್ತಿ ಬಿಲ್ಲೆಯಂತೆ ಗಟ್ಟಿಮಾಡುತ್ತಾರೆ. ಅಲಗೊಂದು ಅದನ್ನು ನಿಧಾನವಾಗಿ ಹೆರೆಯುತ್ತದೆ. ಹೆರೆದದ್ದನ್ನು ಒತ್ತಡದ ಒಣಗಾಳಿ ಹೊತ್ತೊಯ್ಯುತ್ತದೆ. ಇದೇ ತತ್ತ್ವದ ಸಾಧನಗಳು ಇಂದಿಗೂ ಬಳಕೆಯಲ್ಲಿವೆ.

ಧೂಳು ತುಂಬಿದ ಗಾಳಿ ಒಂದು ಕೋಷ್ಠವನ್ನು ಸೇರುತ್ತದೆ. ಹಿಂದೆ ಇಲಿಗಳನ್ನು ಇಡಿಯಾಗಿ ಕೋಷ್ಠದೊಳಗೆ ಬಿಡುವ ಪದ್ಧತಿ ಹೆಚ್ಚಾಗಿತ್ತು. ಆಗ ಧೂಳು ತುಪ್ಪಳದ ಮೇಲೆ ಕೂರುವುದು. ಇಲಿ ಮೈಯನ್ನು ನೆಕ್ಕಿಕೊಳ್ಳುವುದು. ವಿಷವು ಹೊಟ್ಟೆಯನ್ನೂ ಸೇರುವುದು. ಶ್ವಾಸದಿಂದ ಬಂದ ಕೇಡು ಯಾವುದು, ಬಾಯಿಯಿಂದ ಬಂದದ್ದು ಯಾವುದು ಎಂಬ ವಿವೇಚನೆಯೇ ಅಸಾಧ್ಯವಾಗುತ್ತಿತ್ತು. ಆದ್ದರಿಂದ ಈಗ ಪ್ರತಿಯೊಂದು ಇಲಿಯನ್ನೂ ಒಂದು ಕಿರುಕೊಳವೆಯಲ್ಲಿರಿಸಿ, ಮೂಗು ಮಾತ್ರ ಕೋಷ್ಠಕ್ಕೆ ತೆರೆದಿರುವಂತೆ ಮಾಡುವ ಕ್ರಮಕ್ಕೆ ಆದ್ಯತೆಯಿದೆ. ಗಾಳಿಯಲ್ಲಿ ಆಮ್ಲಜನಕ ಶೇಕಡ 19ಕ್ಕೆ ಕಡಿಮೆಯಾಗಬಾರದು. ಉಷ್ಣತೆ, ತೇವಾಂಶಗಳನ್ನೂ ಮಿತಿಯಲ್ಲಿಡಬೇಕು. ಇಲ್ಲವಾದರೆ ಉಸಿರುಗಟ್ಟುವಿಕೆಯಿಂದ ಅಥವಾ ಸೆಕೆಯಿಂದ ಆದ ಸಾವನ್ನು ಧೂಳಿನ ಲೆಕ್ಕಕ್ಕೆ ಬರೆಯುವ ಪ್ರಮಾದ ಘಟಿಸೀತು.

ಸಾಂದ್ರತೆಯಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ಹೇಳಬೇಕು. ಸಾಧನದಲ್ಲಿ ಖರ್ಚಾದ ಪುಡಿಯ ತೂಕವನ್ನು ಹರಿದ ಗಾಳಿಯ ಪ್ರಮಾಣದಿಂದ ಭಾಗಿಸಿದರೆ ಬರುವುದು ನಾಮಮಾತ್ರ ಸಾಂದ್ರತೆ. ಇಲಿಯ ಮೂಗಿನ ಬಳಿಯಿಂದಲೇ ಗಾಳಿಯನ್ನು ಸೆಳೆದು, ಸೋಸುಹಾಳೆಯ ಮೇಲೆ ನಿಂತ ಧೂಳನ್ನು ತೂಗಿದರೆ ದೊರೆಯುವುದು ನೈಜ ಸಾಂದ್ರತೆ. ಗೋಡೆಗಳಿಗೆ ಅಂಟಿ, ತಳದಲ್ಲಿ ಕುಳಿತು ನಷ್ಟವಾಗುವ ಪುಡಿಯಿಂದಾಗಿ ಎರಡನೆಯದು ಮೊದಲನೆಯದಕ್ಕಿಂತ ಬಹಳ ಕಡಿಮೆಯಾಗಿರುವುದುಂಟು. ನಾಮಮಾತ್ರ ಅಂಕಿಯನ್ನೇ ನಂಬಿದರೆ, ಇಲಿಯನ್ನು ಕೊಂದ ಪ್ರಮಾಣವನ್ನು ಇದ್ದುದಕ್ಕಿಂತ ಹೆಚ್ಚೆಂದು ಎಣಿಸಿ, ವಸ್ತುವನ್ನು ಸೌಮ್ಯವೆಂದು ಸಾರಿದಂತಾಗುತ್ತದೆ. ಕಣಗಾತ್ರವನ್ನು ಅಳೆಯಲು ಮೆಟ್ಟಿಲುಮೆಟ್ಟಿಲಾಗಿ ಕಣಗಳನ್ನು ಬೇರ್ಪಡಿಸುವ ಸಾಧನವಿದೆ, ಕೆ. ಆರ್. ಮೇ ಅವರು 1945ರಲ್ಲಿ ಇದನ್ನು ಪ್ರಕಟಿಸಿದರು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಗಾಳಿಯ ವೇಗ ಹೆಚ್ಚುತ್ತ ಹೋಗಿ, ದೊಡ್ಡ ಕಣಗಳು ಮೊದಲಿನ ತಟ್ಟೆಗಳಲ್ಲಿಯೂ ಚಿಕ್ಕವು ಕೊನೆಯ ತಟ್ಟೆಗಳಲ್ಲಿಯೂ ನಿಲ್ಲುತ್ತವೆ.

ಅಂಕಿಯ ನಿರ್ಣಯ

ಸಾಂದ್ರತೆ ಸ್ಥಿರಗೊಂಡ ಬಳಿಕ ನಾಲ್ಕು ಗಂಟೆಗಳ ಒಡ್ಡಿಕೆ. ಆಮೇಲೆ ಸಾಮಾನ್ಯವಾಗಿ ಹದಿನಾಲ್ಕು ದಿನಗಳ ವೀಕ್ಷಣೆ. ಉಸಿರಾಟದ ರೀತಿ, ತೂಕ, ನಡವಳಿಕೆ, ಸಾವು ಇವೆಲ್ಲವನ್ನೂ ಬರೆದಿಟ್ಟು, ಕೊನೆಯಲ್ಲಿ ಶವಪರೀಕ್ಷೆ ಮಾಡುತ್ತಾರೆ. ಒಡ್ಡಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವುದೆಂದು ಗಣಿತದಿಂದ ನಿರೀಕ್ಷಿಸುವ ಸಾಂದ್ರತೆಗೆ ಅರ್ಧಮಾರಕ ಸಾಂದ್ರತೆ ಎಂದು ಹೆಸರು. ಅರ್ಧಮಾರಕ ಪ್ರಮಾಣದ ಕಲ್ಪನೆಯನ್ನು 1927ರಲ್ಲಿ ಮುಂದಿಟ್ಟವರು ಜೆ. ಡಬ್ಲ್ಯು. ಟ್ರೆವನ್. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪಿತವಾದ ವರ್ಗೀಕರಣದಲ್ಲಿ ಧೂಳಿಗೆ ಲೀಟರಿಗೆ 0.05, 0.5, 1 ಮತ್ತು 5 ಮಿಲಿಗ್ರಾಂಗಳು ಮೊದಲ ನಾಲ್ಕು ವರ್ಗಗಳ ಮೇಲ್ಮಿತಿಗಳಾಗಿವೆ.

ಇದನ್ನು ಮನುಷ್ಯನಿಗೆ ಹೋಲಿಸುವುದು ಹೇಗೆ? ಒಂದು ಸ್ಥೂಲ ಲೆಕ್ಕವನ್ನು ನೋಡೋಣ. ಕಾಲು ಕಿಲೋಗ್ರಾಂ ತೂಕದ ಇಲಿ ನಿಮಿಷಕ್ಕೆ 0.2 ಲೀಟರ್ ಗಾಳಿಯನ್ನು ಉಸಿರಾಡುತ್ತದೆಂದು ಇಟ್ಟುಕೊಂಡರೆ, ನಾಲ್ಕು ಗಂಟೆಗಳಲ್ಲಿ 48 ಲೀಟರ್ ಆಯಿತು. ಲೀಟರಿಗೆ 1 ಮಿಲಿಗ್ರಾಂ ಧೂಳಿದ್ದರೆ ಒಳಗೆಳೆದದ್ದು 48 ಮಿಲಿಗ್ರಾಂ. ದೇಹತೂಕದ ಕಿಲೋಗ್ರಾಂಗೆ 192. ಲಘುವಾದ ಕೆಲಸದಲ್ಲಿ ತೊಡಗಿದ 60 ಕಿಲೋಗ್ರಾಂ ತೂಕದ ಮನುಷ್ಯ ನಿಮಿಷಕ್ಕೆ 20 ಲೀಟರ್ ಉಸಿರಾಡಿದರೆ ಅದೇ ಅವಧಿಯಲ್ಲಿ 4800 ಮಿಲಿಗ್ರಾಂ, ಕಿಲೋಗ್ರಾಂಗೆ 80. ದೇಹತೂಕವನ್ನು ಗಣಿಸಿದರೆ ಇಲಿ ಎಳೆದುಕೊಳ್ಳುವುದು ಎರಡು ಪಟ್ಟಿಗೂ ಮಿಗಿಲು. ಆದರೆ ಅದರ ಮೂಗು ಹೆಚ್ಚಿನ ಭಾಗವನ್ನು ತಡೆಯುತ್ತದೆ. ಈ ಎರಡು ವ್ಯತ್ಯಾಸಗಳು ವಿರುದ್ಧ ದಿಕ್ಕಿನವು. ಒಂದನ್ನೊಂದು ಸರಿದೂಗಿಸುವುವೆಂದು ಮೊದಲೇ ಊಹಿಸಲಾಗದು.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಲೀಟರಿಗೆ 5 ಮಿಲಿಗ್ರಾಂ ಎಂಬುದು ಅತಿ ದಟ್ಟವಾದ ಧೂಳು. ಅಷ್ಟು ಧೂಳಿನಲ್ಲಿ, ವಿಷವೇ ಅಲ್ಲದ ಪುಡಿಯೂ ಮೂಗನ್ನು ಮುಚ್ಚಿ ಪ್ರಾಣಿಗೆ ಕೇಡುಮಾಡಬಹುದು. ಸಾವು ವಿಷದಿಂದಾಯಿತೋ ತಡೆಯಿಂದಾಯಿತೋ ಎಂಬುದನ್ನು ಶವಪರೀಕ್ಷೆಯೇ ನಿರ್ಣಯಿಸಬೇಕು.

ಪರೀಕ್ಷೆಗೆ ಪ್ರಾಣಿಗಳು ತೆರುವ ಬೆಲೆಯೂ ಅಲ್ಪವಲ್ಲ. ರಸೆಲ್ ಮತ್ತು ಬರ್ಚ್ ಅವರು 1959ರಲ್ಲಿ, ಪ್ರಾಣಿಪ್ರಯೋಗಕ್ಕೆ ಬದಲಿಯನ್ನು ಹುಡುಕುವುದು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆಮಾಡುವುದು ಎಂಬ ಮೂರು ಸೂತ್ರಗಳನ್ನು ಮಂಡಿಸಿದರು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಇಂಥ ಪ್ರಯೋಗಗಳನ್ನು ನಿಯಂತ್ರಣಕ್ಕೆ ಒಳಪಡಿಸಿತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 1981ರಲ್ಲಿ ಹೊರಡಿಸಿದ 403ನೆಯ ಮಾರ್ಗಸೂಚಿಗೆ ಜೊತೆಯಾಗಿ, ಕಡಿಮೆ ಪ್ರಾಣಿಗಳಿಂದ ವರ್ಗವನ್ನು ಮಾತ್ರ ನಿರ್ಣಯಿಸುವ 436ನೆಯದು 2009ರಲ್ಲಿ ಬಂದಿತು. ಸಾವಿಗೆ ಬದಲು ಸ್ಪಷ್ಟವಾದ ವಿಷಲಕ್ಷಣಗಳನ್ನೇ ಆಧಾರವಾಗಿಟ್ಟುಕೊಳ್ಳುವ 433ನೆಯದು 2017ರಲ್ಲಿ ಬಂದಿತು.

ಅಂಕಿ ಹೇಳಲಾರದ್ದು

ಈಗ ವೇನೇಡಿಯಂ ಪೆಂಟಾಕ್ಸೈಡಿಗೆ ಹಿಂತಿರುಗೋಣ. ಎಣ್ಣೆ ಉರಿಸುವ ಬಾಯ್ಲರುಗಳ ಬೂದಿಯಲ್ಲಿ ವೇನೇಡಿಯಂ ಇರುತ್ತದೆ. ಅವನ್ನು ಶುಚಿಮಾಡುವ ಕೆಲಸಗಾರರಿಗೆ ಉಂಟಾಗುವ ಕೆಮ್ಮು, ಏದುಸಿರು, ನಾಲಗೆಯ ಹಸಿರುಬಣ್ಣಗಳ ವರ್ಣನೆ 1952ರಲ್ಲಿ ಬ್ರಿಟನ್ನಿನಿಂದ ಪ್ರಕಟವಾಯಿತು. 1967ರಲ್ಲಿ ಜೆನ್ಜ್ ಮತ್ತು ಬರ್ಗ್ ಎಂಬ ಅಮೆರಿಕದ ಸಂಶೋಧಕರು ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಘನ ಮೀಟರಿಗೆ 0.25 ಮಿಲಿಗ್ರಾಂ ಧೂಳಿಗೆ ಎಂಟು ಗಂಟೆಗಳ ಕಾಲ ಒಡ್ಡಿಕೊಂಡವರಿಗೆ ಕೆಮ್ಮು ಹತ್ತಿ, ಒಂದು ವಾರದಿಂದ ಹತ್ತು ದಿನಗಳವರೆಗೆ ಉಳಿಯಿತು. ನಾಲ್ಕನೆಯ ವರ್ಗದ ಮೇಲ್ಮಿತಿಯಾದ ಲೀಟರಿಗೆ 5 ಮಿಲಿಗ್ರಾಂ ಎಂದರೆ ಘನ ಮೀಟರಿಗೆ 5000 ಮಿಲಿಗ್ರಾಂ. ಅಂದರೆ ಇದರ ಇಪ್ಪತ್ತು ಸಾವಿರ ಪಟ್ಟು. ಸಾವನ್ನು ಎಣಿಸುವ ಪರೀಕ್ಷೆಯು ಕೆಮ್ಮನ್ನು ಎಣಿಸುವುದಿಲ್ಲ.

ದೀರ್ಘಕಾಲದ ಪರಿಣಾಮವು ಇನ್ನೂ ದೂರದ ಮಾತು. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಯೋಜನೆಯು 2002ರಲ್ಲಿ ಪ್ರಕಟಿಸಿದ ಎರಡು ವರ್ಷಗಳ ಅಧ್ಯಯನದಲ್ಲಿ, ಘನ ಮೀಟರಿಗೆ 1, 2 ಮತ್ತು 4 ಮಿಲಿಗ್ರಾಂ ಧೂಳಿಗೆ ಒಡ್ಡಿದ ಚಿಟ್ಟಿಲಿಗಳಲ್ಲಿ ಶ್ವಾಸಕೋಶದ ಗಡ್ಡೆಗಳು ಕಂಡುಬಂದವು. ಸ್ಫಟಿಕರೂಪದ ಸಿಲಿಕದ ಸಂಗತಿಯೂ ಇಂಥದೇ. ಅದರ ಧೂಳು ಕೆಲವು ಗಂಟೆಗಳಲ್ಲಿ ಕೊಲ್ಲುವಂಥದಲ್ಲ. ಆದರೂ 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ, 1940ರ ದಶಕದ ತಪಾಸಣೆಗಳೇ ಕೆಲಸಗಾರರಲ್ಲಿ ಸಿಲಿಕೋಸಿಸ್ ರೋಗವನ್ನು ತೋರಿಸಿಕೊಟ್ಟಿದ್ದವು. ತೀವ್ರ ವಿಷತ್ವದ ಅಂಕಿ ಅಂಥ ಗಣಿಗಾರನಿಗೆ ಯಾವ ಎಚ್ಚರಿಕೆಯನ್ನೂ ಕೊಡುತ್ತಿರಲಿಲ್ಲ.

ಹಾಗೆಂದು ಈ ಪರೀಕ್ಷೆ ವ್ಯರ್ಥವೆಂದು ನಮ್ಮ ಅಭಿಪ್ರಾಯವಲ್ಲ. ಚೀಲವೊಡೆದು, ಕೊಳವೆ ಬಿರಿದು, ಒಮ್ಮೆಲೇ ದಟ್ಟವಾದ ಧೂಳು ಕವಿದಾಗ ಪ್ರಾಣಾಪಾಯವುಂಟೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಇದೇ. ದಿನನಿತ್ಯದ ದುಡಿಮೆಗೆ ಮಿತಿಯನ್ನು ಗೊತ್ತುಮಾಡುವುದು ಬೇರೆ ಅಧ್ಯಯನಗಳ ಕೆಲಸ. ಆದ್ದರಿಂದ ಅರ್ಧಮಾರಕ ಸಾಂದ್ರತೆಯ ಅಂಕಿಯೊಂದು ಕೈಗೆ ಬಂದಾಗ, ಕಣದ ಗಾತ್ರವೆಷ್ಟು, ಸಾಂದ್ರತೆಯನ್ನು ಅಳೆದದ್ದೆಲ್ಲಿ, ಪ್ರಾಣಿ ಸತ್ತದ್ದು ಯಾವ ಕಾರಣದಿಂದ ಎಂಬ ಮೂರನ್ನು ವಿಚಾರಿಸಿದ ಮೇಲೆಯೇ ಅದನ್ನು ಒಪ್ಪತಕ್ಕದ್ದು. ಈ ಮೂರನ್ನು ತಿಳಿಸದ ವರದಿಯನ್ನು ಆಧರಿಸಿ ಕೆಲಸಗಾರನ ಮುಖದಿಂದ ಉಸಿರುಕವಚವನ್ನು ತೆಗೆಸುವುದು ಯುಕ್ತವಲ್ಲ.