ಗರಗಸಕ್ಕೊಂದು ಸುಭದ್ರ ಪೀಠ: ತೆಂಗುನಾಡಿನ ಕಬ್ಬಿಣದ ಕಾರ್ಯಾಗಾರಗಳು ಗಮನಿಸಬೇಕಾದ ವಿಚಾರ

ತಿಪಟೂರು ಎಂದೊಡನೆ ವರ್ತಕರ ಮನಸ್ಸಿಗೆ ಬರುವುದು ಉಂಡೆ ಕೊಬ್ಬರಿ ಮತ್ತು ಅದರ ಮಾರುಕಟ್ಟೆ ಪ್ರಾಂಗಣ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಕೊಬ್ಬರಿಯ ವಹಿವಾಟಿನ ಬೆನ್ನಿಗೆ ಕಬ್ಬಿಣದ ಕೆಲಸವೂ ಬೆಳೆದುಬಂದಿದೆ. ಗೋದಾಮಿನ ಚಾವಣಿಯ ಚೌಕಟ್ಟು, ಒಣಗಿಸುವ ತಟ್ಟೆಗಳ ಸ್ಟ್ಯಾಂಡು, ಕಾಯಿ ಸುಲಿಯುವ ಯಂತ್ರದ ಅಡಿಪೀಠ, ಟ್ರಾಕ್ಟರ್ ಟ್ರೇಲರಿನ ದುರಸ್ತಿ, ತೋಟದ ಗೇಟು, ಇವೆಲ್ಲವೂ ಸ್ಥಳೀಯ ವೆಲ್ಡಿಂಗ್ ಅಂಗಡಿಗಳು ಪೂರೈಸಬಲ್ಲ ಬೇಡಿಕೆಗಳೇ. ಇಂತಹ ಪ್ರತಿಯೊಂದು ಕೆಲಸವೂ ಆರಂಭವಾಗುವುದು ಆಂಗಲ್ ಅಥವಾ ಪೈಪನ್ನು ಅಳತೆಗೆ ಕತ್ತರಿಸುವುದರಿಂದ.

ಸಣ್ಣ ಕಾರ್ಯಾಗಾರಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು 14 ಅಂಗುಲದ, ಎಂದರೆ 355 ಮಿ.ಮೀ. ಡಿಸ್ಕಿನ ಕಟಿಂಗ್ ಮಷೀನು. ಯಂತ್ರಕ್ಕೆ ಹಣ ತೊಡಗಿಸುವ ಮಾಲೀಕರು ಅದನ್ನು ನೆಲದ ಮೇಲೆಯೇ ಇಟ್ಟು, ಕೆಲಸಗಾರನನ್ನು ಕುಕ್ಕರುಗಾಲಿನಲ್ಲಿ ಕೂರಿಸಿ, ಪೈಪಿನ ಹಿಂತುದಿಗೆ ಇಟ್ಟಿಗೆ ಒಡ್ಡಿ ಕೆಲಸ ಸಾಗಿಸುವುದು ಎಲ್ಲೆಡೆ ಕಂಡುಬರುವ ದೃಶ್ಯ. ನಷ್ಟ ಹುಟ್ಟುವುದು ಯಂತ್ರದಲ್ಲಿ ಅಲ್ಲ, ಅದರ ಸುತ್ತಲಿನ ಈ ಅವ್ಯವಸ್ಥೆಯಲ್ಲಿ.

ಅಳತೆಯ ಲೆಕ್ಕ

ಆಧಾರ ಸಮಮಟ್ಟದಲ್ಲಿ ಇಲ್ಲದಿದ್ದರೆ ಕಡಿತ ಓರೆಯಾಗುತ್ತದೆ. ಗರಗಸದಿಂದ ಒಂದು ಮೀಟರು ದೂರದಲ್ಲಿ ಪೈಪು 10 ಮಿ.ಮೀ. ತಗ್ಗಿದ್ದರೆ, 50 ಮಿ.ಮೀ. ಚೌಕ ಪೈಪಿನ ಮುಖದಲ್ಲಿ ಅರ್ಧ ಮಿ.ಮೀ. ಓರೆ ಉಳಿಯುತ್ತದೆ. ನಾಲ್ಕು ಮೂಲೆ ಕೂಡುವಾಗ ಈ ಓರೆಗಳೆಲ್ಲ ಸೇರಿ ಚೌಕಟ್ಟು ಸೊಟ್ಟಗಾಗುತ್ತದೆ. ಅದನ್ನು ಸರಿಪಡಿಸಲು ವ್ಯಯವಾಗುವ ವೆಲ್ಡಿಂಗ್ ರಾಡು ಮತ್ತು ಕೂಲಿಯನ್ನು ಯಾವ ಗ್ರಾಹಕನೂ ಭರಿಸುವುದಿಲ್ಲ.

ಎರಡನೆಯದು ಡಿಸ್ಕು ತಿನ್ನುವ ಕಬ್ಬಿಣ. 3 ಮಿ.ಮೀ. ದಪ್ಪದ ಡಿಸ್ಕು ಪ್ರತಿ ಕಡಿತಕ್ಕೂ ಕನಿಷ್ಠ 3 ಮಿ.ಮೀ. ಲೋಹವನ್ನು ಪುಡಿಮಾಡುತ್ತದೆ. ಆದ್ದರಿಂದ 6 ಮೀಟರಿನ ಪೈಪಿನಲ್ಲಿ 1,000 ಮಿ.ಮೀ. ತುಂಡುಗಳು ಆರು ಸಿಗುವುದಿಲ್ಲ. ಐದು ಸಿಕ್ಕಿ, 985 ಮಿ.ಮೀ. ತುಂಡೊಂದು ಮಿಗುತ್ತದೆ. ವಿನ್ಯಾಸದಲ್ಲಿ ಅವಕಾಶವಿದ್ದು ಅಳತೆಯನ್ನು 995 ಮಿ.ಮೀ.ಗೆ ಇಳಿಸಿದರೆ ಆರು ತುಂಡುಗಳೂ ದೊರೆಯುತ್ತವೆ. ಹನ್ನೆರಡು ಪೈಪುಗಳಲ್ಲಿ 60ರ ಬದಲು 72 ತುಂಡು! ಆದರೆ ಇಲ್ಲಿ ಕೈಯಲ್ಲಿ ಉಳಿಯುವುದು ಪೈಪೊಂದಕ್ಕೆ ಕೇವಲ 15 ಮಿ.ಮೀ. ಇಟ್ಟಿಗೆಯ ಆಧಾರದ ಮೇಲೆ, ಸೀಮೆಸುಣ್ಣದ ಗುರುತಿನಿಂದ ಇಷ್ಟು ಬಿಗಿಯಾದ ಲೆಕ್ಕವನ್ನು ಸಾಧಿಸಲಾಗದು. ಅದಕ್ಕೆ ಬೇಕಾದುದು ನಿಲುವಾದ ಪೀಠ.

ಪೀಠದ ರಚನೆ

ನಿಂತು ಕೆಲಸ ಮಾಡಲು ಅನುಕೂಲವಾಗುವಂತೆ 900 ಮಿ.ಮೀ. ಉದ್ದ, 600 ಮಿ.ಮೀ. ಅಗಲ, 800 ಮಿ.ಮೀ. ಎತ್ತರದ ಚೌಕಟ್ಟನ್ನು 50×50×6 ಆಂಗಲಿನಿಂದ ಕಟ್ಟಬಹುದು. ಮೇಲೆ, ಕೆಳಗೆ ಎರಡು ಚೌಕ ಮತ್ತು ನಾಲ್ಕು ಕಾಲುಗಳಿಗೆ ಒಟ್ಟು 9.2 ಮೀಟರು ಬೇಕು. ಮೀಟರಿಗೆ 4.5 ಕೆ.ಜಿ.ಯಂತೆ ತೂಕ ಸುಮಾರು 41 ಕೆ.ಜಿ. ಎರಡು ಉದ್ದದ ಆಂಗಲಿನಲ್ಲಿ ಇದು ಮುಗಿದು, ಸುಮಾರು ಎರಡು ಮೀಟರಿನ ತುಂಡು ಉರುಳೆಯ ಸ್ಟ್ಯಾಂಡಿಗೆ ಉಳಿಯುತ್ತದೆ. ಮೇಲ್ಭಾಗಕ್ಕೆ 6 ಮಿ.ಮೀ. ತಗಡು ಹಾಸಿದರೆ ಇನ್ನೂ 25 ಕೆ.ಜಿ. ಸೇರುತ್ತದೆ. ಈ ಭಾರವೇ ಕಂಪನವನ್ನು ತಡೆಯುವ ಗುಣ. ಮಷೀನನ್ನು ನಾಲ್ಕು ಬೋಲ್ಟುಗಳಿಂದ, ನಡುವೆ ರಬ್ಬರ್ ಇಟ್ಟು ಬಿಗಿಯಬೇಕು.

ಎಡ ಬಲಗಳಲ್ಲಿ ಉರುಳೆಗಳಿರುವ ಆಧಾರ ಬೇಕು. ಉರುಳೆಯ ನೆತ್ತಿ ಮತ್ತು ಮಷೀನಿನ ತಳ ಒಂದೇ ಮಟ್ಟದಲ್ಲಿರುವುದನ್ನು ಬಿಗಿಯಾದ ದಾರ ಹಾಗೂ ರಸಮಟ್ಟದಿಂದಲೂ, ಡಿಸ್ಕು ತಡೆಗೋಡೆಗೆ ನೇರವಾಗಿರುವುದನ್ನು ಮೂಲಮಟ್ಟದಿಂದಲೂ ಖಚಿತಪಡಿಸಿಕೊಳ್ಳತಕ್ಕದ್ದು.

ಒಂದೇ ಅಳತೆಯ ನೂರು ತುಂಡು ಬೇಕಾದಾಗ ಉಪಯೋಗಕ್ಕೆ ಬರುವುದು ಅಳತೆಯ ತಡೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ತಡೆ ಕದಲದೆ ನಿಂತಿದ್ದರೆ, ತುಂಡಾದ ಭಾಗ ಡಿಸ್ಕು ಮತ್ತು ತಡೆಯ ನಡುವೆ ಸಿಕ್ಕಿಕೊಂಡು ಡಿಸ್ಕು ಒಡೆಯಬಹುದು. ಆದುದರಿಂದ ತಡೆಗೆ ಬಾಗಿಲ ತಿರುಗಣೆಯಂತಹ ಕೀಲು ಇರಲಿ. ಪೈಪನ್ನು ತಡೆಗೆ ತಾಗಿಸಿ, ಬಿಗಿದು, ತಡೆಯನ್ನು ಮೇಲೆತ್ತಿದ ನಂತರವೇ ಕತ್ತರಿಸುವುದು ಕ್ಷೇಮಕರ.

ಡಿಸ್ಕು ಮತ್ತು ವಿದ್ಯುತ್ತು

ಸೆಕೆಂಡಿಗೆ 80 ಮೀಟರು ಅಂಚಿನ ವೇಗಕ್ಕೆ ತಯಾರಾದ 355 ಮಿ.ಮೀ. ಡಿಸ್ಕು ನಿಮಿಷಕ್ಕೆ ಸುಮಾರು 4,300 ಸುತ್ತುಗಳನ್ನು ಮೀರುವಂತಿಲ್ಲ. ಡಿಸ್ಕಿನ ಮೇಲಿನ ವೇಗ, ಮಷೀನಿನ ಫಲಕದ ವೇಗಕ್ಕಿಂತ ಕಡಿಮೆಯಿದ್ದರೆ ಅದನ್ನು ತೊಡಿಸಬಾರದು. ತೇವ ತಗುಲಿದ, ಅವಧಿ ಮೀರಿದ ಡಿಸ್ಕುಗಳನ್ನು ಬೆಲೆ ಕಡಿಮೆಯೆಂದು ಕೊಳ್ಳುವುದು ಉಳಿತಾಯವಲ್ಲ. ಕೊಳ್ಳುವಾಗ ಡಿಸ್ಕಿನ ಮೇಲಿನ ಮುಕ್ತಾಯದ ದಿನಾಂಕವನ್ನು ನೋಡುವುದು ಒಳ್ಳೆಯದು. 2,200 ವ್ಯಾಟ್ ಮೋಟಾರು 230 ವೋಲ್ಟಿನಲ್ಲಿ 10 ಆಂಪಿಯರಿನಷ್ಟು ವಿದ್ಯುತ್ತನ್ನು ಸೆಳೆಯುವುದರಿಂದ, ಅದಕ್ಕೆ ಪ್ರತ್ಯೇಕ 16 ಆಂಪಿಯರ್ ಸಾಕೆಟ್ಟು ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ಉದ್ದನೆಯ ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿದು ಮೋಟಾರು ಬಿಸಿಯಾಗುತ್ತದೆ.

ಕಿಡಿ ಮತ್ತು ಕೊಬ್ಬರಿ

ಇತರ ಊರುಗಳಿಗಿಂತ ತೆಂಗುನಾಡು ಹೆಚ್ಚು ಎಚ್ಚರ ವಹಿಸಬೇಕಾದ ವಿಷಯ ಇದು. ಕೊಬ್ಬರಿಯ ತೂಕದಲ್ಲಿ ನೂರಕ್ಕೆ 60ಕ್ಕೂ ಮಿಕ್ಕಿ ಎಣ್ಣೆಯಿರುತ್ತದೆ. ಒಣ ಸಿಪ್ಪೆ, ನಾರು, ಗರಿಗಳ ರಾಶಿ ಕಾರ್ಯಾಗಾರದ ಪಕ್ಕದಲ್ಲೇ ಇರುವುದು ಇಲ್ಲಿ ಅಪರೂಪವೇನಲ್ಲ. ನಾರಿನ ಪುಡಿಯಲ್ಲಿ ಬಿದ್ದ ಕಿಡಿ ಕೂಡಲೇ ಉರಿಯದೆ, ಒಳಗೊಳಗೇ ಕನಲುತ್ತ, ಅಂಗಡಿಗೆ ಬೀಗ ಬಿದ್ದ ಮೇಲೆ ಹೊತ್ತಿಕೊಳ್ಳಬಹುದು. ಆಗ ನಷ್ಟವಾಗುವುದು ಅಂಗಡಿಯೊಂದೇ ಅಲ್ಲ, ನೆರೆಯ ರೈತರು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿದ ಫಸಲು.

ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 51ಬಿ ಮಾನದಂಡವು ಕಿಡಿ ಹಾರುವ ಕೆಲಸದ ಸುತ್ತ 35 ಅಡಿಗಳವರೆಗೆ ಉರಿಯುವ ವಸ್ತು ಇರಬಾರದೆನ್ನುತ್ತದೆ. ಕೆಲಸ ಮುಗಿದ ನಂತರದ ಕಾವಲಿನ ಅವಧಿಯನ್ನು ಅದು 2019ರ ಆವೃತ್ತಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಿಸಿತು. ಈ ಎರಡು ನಿಯಮಗಳನ್ನು ಇಲ್ಲಿಯೂ ಪಾಲಿಸುವುದಕ್ಕೆ ಖರ್ಚೇನೂ ಇಲ್ಲ. ಪೀಠದ ಹಿಂಬದಿಗೆ 2 ಮಿ.ಮೀ. ತಗಡಿನ ಪೆಟ್ಟಿಗೆ ಕೂಡಿಸಿ, ತಳದಲ್ಲಿ ಮರಳು ಹಾಸಿ, ಕಿಡಿಗಳು ಅದರೊಳಗೇ ಬೀಳುವಂತೆ ಮಾಡಬೇಕು. ಪೀಠದ ಬೆನ್ನು ಗೋದಾಮಿನ ಕಡೆಗಲ್ಲ, ಇಟ್ಟಿಗೆ ಗೋಡೆಯ ಕಡೆಗಿರಬೇಕು. ನೀರು ಮತ್ತು ಮರಳಿನ ಬಕೆಟ್ಟುಗಳು ಕೈಗೆಟುಕುವಂತಿರಲಿ.

ಕಣ್ಣಿನ ರಕ್ಷಣೆಯನ್ನೂ ಕಡೆಗಣಿಸುವಂತಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ 35ನೆಯ ಕಲಮು ಈ ವಿಷಯಕ್ಕೇ ಮೀಸಲಾಗಿತ್ತು. ಕಾಯ್ದೆಯ ವ್ಯಾಪ್ತಿಗೆ ಬಾರದಷ್ಟು ಚಿಕ್ಕ ಅಂಗಡಿಯಲ್ಲಿಯೂ ಹಾರುವ ಚೂರಿನ ವೇಗ ಕಡಿಮೆಯಾಗುವುದಿಲ್ಲ.

ಪೀಠಕ್ಕೆ ಬೇಕಾದ ಆಂಗಲು, ತಗಡು ಬಹುತೇಕ ಅಂಗಡಿಗಳಲ್ಲಿ ಉಳಿಕೆಯ ರೂಪದಲ್ಲಿಯೇ ಬಿದ್ದಿರುತ್ತವೆ. ಪರರ ಚೌಕಟ್ಟುಗಳನ್ನು ದಿನವೂ ಕಟ್ಟಿಕೊಡುವ ಕೈಗಳು, ಬಿಡುವಿನ ಒಂದೆರಡು ದಿನಗಳಲ್ಲಿ ತಮ್ಮ ಗರಗಸಕ್ಕೂ ಒಂದನ್ನು ಕಟ್ಟಿಕೊಳ್ಳುವುದು ಕಷ್ಟವೇನಲ್ಲ. ತೊಡಗಿಸುವ ಬಂಡವಾಳ ಅಲ್ಪ. ಉಳಿಯುವ ಕಬ್ಬಿಣ, ಒಪ್ಪವಾದ ಕೆಲಸ ಮತ್ತು ನೆರೆಯವರ ಕೊಬ್ಬರಿಯ ಸುರಕ್ಷತೆ, ಇವು ದೀರ್ಘಕಾಲದ ಲಾಭಗಳು.