ಮರದ ಇಂಗಾಲಕ್ಕೆ ಸರಿಯಾದ ಅಳತೆ

ಬದುವಿನ ಮರದಿಂದ ಸೌದೆ, ಮೇವು, ಹಸಿರೆಲೆ ಗೊಬ್ಬರ ದೊರೆಯುವುದು ನಿಮಗೆಲ್ಲ ತಿಳಿದ ವಿಷಯ. ಅದೇ ಮರ ಗಾಳಿಯಿಂದ ಹೀರಿಕೊಂಡ ಇಂಗಾಲಕ್ಕೂ ಈಗ ಕೊಳ್ಳುವವರಿದ್ದಾರೆ. ತಾವು ಹೊರಬಿಡುವ ಹೊಗೆಗೆ ಪರಿಹಾರವಾಗಿ ಕಂಪನಿಗಳು ಕಾರ್ಬನ್ ಕ್ರೆಡಿಟ್ ಕೊಳ್ಳುತ್ತವೆ. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈ ಆಕ್ಸೈಡ್. ಇಂಥ ಮಾರಾಟಕ್ಕೆ ಕರಾರು ಬರೆದುಕೊಡುವ ಮುನ್ನ ಅದರ ಅಳತೆಯ ಕ್ರಮವನ್ನು ಅರಿತಿರುವುದು ಅವಶ್ಯ.

ಲೆಕ್ಕವೇನೂ ಕಠಿಣವಲ್ಲ. ಒಣ ಮರದ ತೂಕದಲ್ಲಿ ಸುಮಾರು ಶೇ. 47ರಷ್ಟು ಇಂಗಾಲವಿರುತ್ತದೆ. ಅದನ್ನು 3.67ರಿಂದ ಗುಣಿಸಿದರೆ ಡೈ ಆಕ್ಸೈಡಿನ ತೂಕ ಸಿಗುತ್ತದೆ. ಅಂದರೆ ಒಂದು ಟನ್ ಒಣ ಮರಕ್ಕೆ ಸುಮಾರು 1.7 ಟನ್. ಆದರೆ ನಿಂತ ಮರವನ್ನು ತಕ್ಕಡಿಗೆ ಹಾಕಲಾಗದು. ಎದೆಮಟ್ಟದಲ್ಲಿ ಸುತ್ತಳತೆ ತೆಗೆದು ಸೂತ್ರದ ಮೂಲಕ ತೂಕ ಅಂದಾಜು ಮಾಡಬೇಕು. ದೊಡ್ಡ ತೋಪಿಗೆ ಈ ಖರ್ಚು ಹೊರೆಯಲ್ಲ. ಎರಡೆಕರೆ ರೈತನಿಗಾದರೋ ಪರಿಣತರನ್ನು ಕರೆಸುವ ವೆಚ್ಚವೇ ಬರುವ ಹಣವನ್ನು ನುಂಗಿಬಿಡುತ್ತದೆ.

ಈ ತೊಡಕಿಗೆ ಆಫ್ರಿಕಾದ ಸಣ್ಣ ರೈತರು ಕಂಡುಕೊಂಡ ದಾರಿ ಗಮನಾರ್ಹ. 1999ರಲ್ಲಿ ಟಾಂಜಾನಿಯಾದಲ್ಲಿ ಆರಂಭವಾದ 'ಟಿಸ್ಟ್' ಕಾರ್ಯಕ್ರಮ ಅನಂತರ ಕೀನ್ಯಾ, ಉಗಾಂಡಗಳಿಗೂ ನಮ್ಮ ನೆರೆಯ ತಮಿಳುನಾಡಿಗೂ ಹರಡಿತು. ರೈತರು ಸಣ್ಣ ಗುಂಪು ಕಟ್ಟಿಕೊಳ್ಳುತ್ತಾರೆ. ತರಬೇತಿ ಪಡೆದ ಸ್ಥಳೀಯರೇ ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರಿನೊಡನೆ ತೋಟದ ಎಲ್ಲೆಯ ಸುತ್ತ ನಡೆಯುತ್ತಾರೆ. ಜಿಪಿಎಸ್ ಆ ಎಲ್ಲೆಯನ್ನು ಗುರುತಿಸುತ್ತದೆ. ಮರಗಳನ್ನು ಜಾತಿವಾರು ಎಣಿಸಿ, ಸುತ್ತಳತೆ ದಾಖಲಿಸುತ್ತಾರೆ. ಬದುಕಿರುವ ಮರಕ್ಕೆ ವರ್ಷಕ್ಕೆ 2 ಅಮೆರಿಕನ್ ಸೆಂಟ್ ಮುಂಗಡ, ಕ್ರೆಡಿಟ್ ಮಾರಿದ ಲಾಭದಲ್ಲಿ ಶೇ. 70 ಪಾಲು ರೈತರಿಗೆ ಎಂಬುದು ಅಲ್ಲಿನ ಕರಾರು. ಸಾವಿರ ಮರಕ್ಕೆ ವರ್ಷಕ್ಕೆ 20 ಡಾಲರ್ ಮುಂಗಡವಾಯಿತು. ಇದನ್ನೇ ನಂಬಿ ಯಾರೂ ಮರ ನೆಡಲಾರರು. ಹಣ್ಣು, ಸೌದೆಗಳ ಮೇಲೆ ಬಂದ ಸೇರ್ಪಡೆ ಎಂದು ತಿಳಿಯುವುದು ಲೇಸು.

ಉಪಗ್ರಹಗಳೂ ನೆರವಾಗುತ್ತಿವೆ. 2015ರಲ್ಲಿ ಮೊದಲು ಹಾರಿದ ಸೆಂಟಿನೆಲ್-2 ಸರಣಿಯ ಉಪಗ್ರಹಗಳ ಚಿತ್ರದಲ್ಲಿ ಒಂದೊಂದು ಚುಕ್ಕೆ ನೆಲದ 10 ಮೀಟರ್ ಚೌಕಕ್ಕೆ ಸಮ. ತೋಪು ಕಡಿದರೆ ತಿಳಿಯುತ್ತದೆ. ಬದುವಿನ ಒಂಟಿ ಬೇವು ತಿಳಿಯುವುದು ಕಷ್ಟ. ಆದ್ದರಿಂದಲೇ ವೆರ್ರಾ ಎಂಬ ಸಂಸ್ಥೆ 2023ರಲ್ಲಿ ಹೊರತಂದ ವಿಧಾನದಲ್ಲಿ ಎರಡು ಮಾರ್ಗಗಳಿವೆ. ತೋಪಿನ ಬೆಳವಣಿಗೆಯನ್ನು ಅಂಥದೇ ಬೇರೆ ಜಮೀನಿನೊಡನೆ ಉಪಗ್ರಹದಿಂದ ಹೋಲಿಸುವುದು ಒಂದು. ಚದುರಿದ ಮರಗಳನ್ನು ಎಣಿಸುವುದು ಇನ್ನೊಂದು.

ಹೋಲಿಕೆ ಏಕೆ ಬೇಕು? ಕಾಡು ಉಳಿಸಿದೆವೆಂದು ಕ್ರೆಡಿಟ್ ಮಾರುವ ಆರು ದೇಶಗಳ 26 ಯೋಜನೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬಹುಪಾಲು ಯೋಜನೆಗಳು ಹೇಳಿಕೊಂಡಷ್ಟು ಕಾಡನ್ನು ಉಳಿಸಿರಲಿಲ್ಲ. ಯೋಜನೆ ಇಲ್ಲದಿದ್ದರೆ ಎಷ್ಟು ಕಾಡು ನಾಶವಾಗುತ್ತಿತ್ತು ಎಂಬ ಅಂದಾಜನ್ನೇ ಉಬ್ಬಿಸಲಾಗಿತ್ತು. ಎಷ್ಟೇ ನವೀನ ಯಂತ್ರವಾದರೂ ಇಂಥ ಅಂದಾಜಿನ ತಪ್ಪನ್ನು ತಾನಾಗಿ ತಿದ್ದದು. ಕೊಳ್ಳುವವರ ನಂಬಿಕೆ ಹೋದರೆ ಪ್ರಾಮಾಣಿಕವಾಗಿ ಮರ ಬೆಳೆಸಿದವನ ಕ್ರೆಡಿಟ್ಟಿಗೂ ಬೆಲೆ ಸಿಗುವುದಿಲ್ಲ.

ಆದ್ದರಿಂದ ನಿಮ್ಮ ಬಳಿಗೆ ಕಾರ್ಬನ್ ಕರಾರು ಬಂದಾಗ ಅವಸರ ಬೇಡ. ಎಷ್ಟು ವರ್ಷ ಮರ ಕಡಿಯಬಾರದು, ಬೆಂಕಿ ಅಥವಾ ಬರದಿಂದ ಮರ ಸತ್ತರೆ ನಷ್ಟ ಯಾರದು, ಅಳತೆಯ ಖರ್ಚನ್ನು ಯಾರ ಪಾಲಿನಿಂದ ಮುರಿಯುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆಸಿ, ಓದಿಸಿ ಕೇಳಿರಿ. ಅಳತೆಯ ದಿನ ಜೊತೆಗಿದ್ದು, ಮರಗಳ ಸಂಖ್ಯೆ ಹಾಗೂ ಸುತ್ತಳತೆಯನ್ನು ನಿಮ್ಮ ಪುಸ್ತಕದಲ್ಲೂ ದಿನಾಂಕ ಸಹಿತ ಬರೆದಿಡಿರಿ. ಮುಂದಿನ ವರ್ಷ ಅಳೆಯುವವರು ಬಂದಾಗ ಅದನ್ನು ಅವರ ಲೆಕ್ಕದೊಡನೆ ತಾಳೆ ನೋಡಬಹುದು.