ಮೀನಿಗೂ ಬೇಕು ಉಸಿರು

ವಿದ್ಯಾರ್ಥಿಗಳೇ, ನೀರಿನಲ್ಲೇ ಹುಟ್ಟಿ ಬೆಳೆಯುವ ಮೀನು ಉಸಿರುಕಟ್ಟಿ ಸಾಯುವುದುಂಟೇ? ಉಂಟು. ಅದೂ ಬೇಸಿಗೆಯ ನಸುಕಿನಲ್ಲಿ! ಅದರ ಕಾರಣ ತಿಳಿದರೆ ಮೀನು ಸಾಕಣೆಯ ಲಾಭ-ಹಾನಿಗಳೆರಡೂ ತಿಳಿದಂತೆ.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಒಣಬೇಸಾಯದ ಹೊಲಗಳಲ್ಲಿ ಕೃಷಿ ಹೊಂಡಗಳು ಮೂಡಿದವು. ಮಳೆನೀರು ತುಂಬಿದ ಹೊಂಡದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಒಟ್ಟಿಗೆ ಸಾಕಬಹುದು. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೇವಿಗೆ ಪೈಪೋಟಿ ಕಡಿಮೆ. ಮೀನು ಶೀತರಕ್ತ ಪ್ರಾಣಿ. ಮೈಯನ್ನು ಬೆಚ್ಚಗಿಡಲು ಶಕ್ತಿ ವ್ಯಯಿಸದ ಕಾರಣ ತಿಂದದ್ದರಲ್ಲಿ ಹೆಚ್ಚಿನ ಪಾಲು ಮಾಂಸವಾಗುತ್ತದೆ. ಬೆಳೆ ಕೈಕೊಟ್ಟ ವರ್ಷ ರೈತನಿಗೆ ಇದೊಂದು ಆಸರೆ.

ಆದರೆ ಬೇಗ ಬೆಳೆಯಲೆಂದು ಶೇಂಗಾ ಹಿಂಡಿ, ತೌಡು, ಸಗಣಿಯನ್ನು ಮಿತಿಮೀರಿ ಸುರಿದರೆ? ಉಳಿದ ಮೇವು ಕೊಳೆತು ಅಮೋನಿಯಾ ಹುಟ್ಟುತ್ತದೆ, ಪಾಚಿ ಹಬ್ಬುತ್ತದೆ. ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ. ರಾತ್ರಿ ತಾನೇ ಅದನ್ನು ಬಳಸುತ್ತದೆ. ಜೊತೆಗೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಿಲಿಗ್ರಾಂ ಮಾತ್ರ. ಹೀಗಾಗಿ ನಸುಕಿನಲ್ಲಿ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ. ಬಿಸಿಲೇರುವಷ್ಟರಲ್ಲಿ ಸತ್ತು ತೇಲುತ್ತವೆ. ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ನೀರುಪಾಲು!

ಹೊಂಡದ ಈ ನೀರು ಹೊಲಕ್ಕೆ ಹರಿದರೆ ಗೊಬ್ಬರ, ಕೆರೆಗೆ ಹರಿದರೆ ಕೊಳಚೆ. ಶಿರಹಟ್ಟಿ ಬಳಿಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಂಥ ಕೆರೆಗಳಿಗೆ ಕೊಳೆನೀರು ಸೇರಬಾರದು. ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ನುಸುಳಬಾರದು. ಗಾಳಿಯನ್ನೇ ಉಸಿರಾಡಬಲ್ಲ ಆ ಮೀನು ಕೊಳೆನೀರಿನಲ್ಲೂ ಬದುಕಿ ನಾಡಮೀನುಗಳನ್ನು ನುಂಗುತ್ತದೆ.

ಮಿತಿಮೀರಿದರೆ ಏನಾಗುತ್ತದೆಂಬುದಕ್ಕೆ ಕರಾವಳಿಯ ಸಿಗಡಿ ಸಾಕಣೆಯೇ ಸಾಕ್ಷಿ. ಸಿಗಡಿ ಕೊಳಗಳ ಉಪ್ಪುನೀರು ದೇಶದ ಹಲವೆಡೆ ಗದ್ದೆ, ಬಾವಿಗಳನ್ನು ಕೆಡಿಸಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕಠಿಣ ತೀರ್ಪು ನೀಡಿತು. 2005ರಲ್ಲಿ ಈ ಸಾಕಣೆಯ ನಿಯಂತ್ರಣಕ್ಕೆ ಪ್ರತ್ಯೇಕ ಕಾನೂನೇ ಬಂತು.

ನಮ್ಮ ಹೊಂಡದ ಆರೋಗ್ಯ ತಿಳಿಯುವುದು ಹೇಗೆ? ಇಟಲಿಯ ಆಂಜೆಲೋ ಸೆಕ್ಕಿ 1865ರಲ್ಲಿ ತೋರಿಸಿದ ಉಪಾಯವಿದೆ. ಉದ್ದನೆಯ ಕೋಲಿನ ತುದಿಗೆ ಬಿಳಿ ತಟ್ಟೆ ಕಟ್ಟಿ ನೀರಿಗಿಳಿಸಿ. ಹಸಿರು ನೀರಿನಲ್ಲಿ ತಟ್ಟೆ ಒಂದು ಗೇಣಿನೊಳಗೇ ಮರೆಯಾದರೆ ಪಾಚಿ ಹೆಚ್ಚಿದೆ ಎಂದರ್ಥ; ಗೊಬ್ಬರ ನಿಲ್ಲಿಸಿ, ಮೇವು ಕಡಿಮೆ ಮಾಡಿ.

ಪಾಲಕರೇ, ಹೊಂಡದ ಪ್ಲಾಸ್ಟಿಕ್ ಹಾಳೆ ಬಲು ಜಾರುತ್ತದೆ. ಸುತ್ತ ಬೇಲಿ ಇರಲಿ. ಈ ಪ್ರಯೋಗಕ್ಕೆ ಮಕ್ಕಳನ್ನು ಒಂಟಿಯಾಗಿ ಕಳಿಸದೆ ನೀವೂ ಜೊತೆಗಿರಿ.